ಹೃದಯದ ಹೊರೆಯನ್ನಿಳಿಸಿದ ಗುಳಿಗೆ

ಹುಲಿಯನ್ನು ಕಂಡರೂ ಸರಿ, ಮುನಿದ ಮೇಲಧಿಕಾರಿಯನ್ನು ಕಂಡರೂ ಸರಿ, ಎದೆ ಹೊಡೆದುಕೊಳ್ಳುವ ಬಗೆ ಒಂದೇ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯವು ಚಾಟಿಯೇಟು ತಿಂದ ಕುದುರೆಯಂತೆ ಓಡತೊಡಗುತ್ತದೆ. ಆರೋಗ್ಯವಂತನಿಗೆ ಇದು ಕ್ಷಣಿಕ. ಆದರೆ ಹೃದಯದ ಧಮನಿಗಳು ಕಿರಿದಾದವನಿಗೆ ಆ ಓಟಕ್ಕೆ ತಕ್ಕ ಆಮ್ಲಜನಕ ಒದಗದೆ ಎದೆಯಲ್ಲಿ ಶೂಲೆ ತಲೆದೋರುತ್ತದೆ.

ಧಮನಿಗಳನ್ನು ಹಿಗ್ಗಿಸಿ ಹೃದಯಕ್ಕೆ ಹೆಚ್ಚು ರಕ್ತವನ್ನೊದಗಿಸುವುದೇ ಬಹುಕಾಲ ವೈದ್ಯರ ಗುರಿಯಾಗಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಪ್ರಶ್ನೆಯನ್ನೇ ತಿರುವಿಹಾಕಿದರು. ಆದಾಯ ಹೆಚ್ಚದಿದ್ದರೆ ಖರ್ಚನ್ನೇಕೆ ಇಳಿಸಬಾರದು? ಸಂಸಾರಸ್ಥರೆಲ್ಲ ಬಲ್ಲ ಈ ಲೆಕ್ಕ ಅಲ್ಲಿಯವರೆಗೆ ಔಷಧಶಾಸ್ತ್ರಕ್ಕೆ ಹೊಳೆದಿರಲಿಲ್ಲವೆಂಬುದೇ ಸೋಜಿಗ.

ಅಡ್ರಿನಲಿನ್ ಕೆಲಸ ಮಾಡಲು ದೇಹದ ಕಣಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆಯೆಂದು ಅಮೆರಿಕದ ರೇಮಂಡ್ ಅಲ್‌ಕ್ವಿಸ್ಟ್ 1948ರಲ್ಲೇ ಸಾರಿದ್ದರು. ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. ಹೃದಯವನ್ನು ಓಡಿಸುವುದು ಬೀಟಾ. ಬೀಗದ ಕಂಡಿಯಲ್ಲಿ ತಿರುಗದ ಕೀಲಿಕೈಯೊಂದನ್ನು ಸಿಕ್ಕಿಸಿಟ್ಟರೆ ನಿಜವಾದ ಕೀಲಿಕೈ ಒಳಹೋಗದಷ್ಟೆ! ಅಂಥದೊಂದು ರಾಸಾಯನಿಕವನ್ನು ಅರಸುತ್ತ ಬ್ಲ್ಯಾಕ್ 1958ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯನ್ನು ಸೇರಿದರು. ಮೊದಲು ಸಿಕ್ಕ ಪ್ರೊನೆಥಲಾಲ್ ಇಲಿಗಳಲ್ಲಿ ಗಂತಿಗಳನ್ನು ಬೆಳೆಸಿತು; ಅದನ್ನು ಕೈಬಿಡಬೇಕಾಯಿತು. ಅದರ ತಮ್ಮನಂತೆ ಬಂದ ಪ್ರೊಪ್ರನಲಾಲ್ ಗೆದ್ದಿತು. 1988ರಲ್ಲಿ ಬ್ಲ್ಯಾಕರಿಗೆ, ಇನ್ನಿಬ್ಬರೊಡನೆ, ನೊಬೆಲ್ ಪಾರಿತೋಷಕ ಸಂದಿತು.

ಕಥೆಯ ವಿಚಿತ್ರ ತಿರುವು ಬೇರೆಯಿದೆ. ಸೋತು ಸೊರಗಿದ ಹೃದಯಕ್ಕೆ ಈ ಗುಳಿಗೆಯನ್ನು ಕೊಡುವುದು ಮಹಾಪರಾಧವೆಂದು ಪಠ್ಯಗಳು ಎಚ್ಚರಿಸುತ್ತಿದ್ದವು. ಮೊದಲೇ ಕುಂಟುವ ಎತ್ತಿಗೆ ಕಾಲು ಕಟ್ಟಿದಂತಲ್ಲವೆ? ಆದರೂ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವೈದ್ಯರು ಅಂಥ ಏಳು ರೋಗಿಗಳಿಗೆ ಇದೇ ವರ್ಗದ ಔಷಧವನ್ನು ಕೊಟ್ಟು, ಅವರು ಚೇತರಿಸಿಕೊಂಡುದನ್ನು 1975ರಲ್ಲಿ ವರದಿ ಮಾಡಿದರು. ನಂಬುವವರು ಕೆಲವರೇ. 1999ರಲ್ಲಿ ಪ್ರಕಟವಾದ, ಎರಡೂವರೆ ಸಾವಿರಕ್ಕೂ ಮಿಕ್ಕ ರೋಗಿಗಳ ಪರೀಕ್ಷೆಯಲ್ಲಿ ಬಿಸೊಪ್ರೊಲಾಲ್ ಸಾವುಗಳನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿದ ಮೇಲೆ ಸಂದೇಹ ಕರಗಿತು. ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ವಾರಗಟ್ಟಲೆ ಕಾದು ಏರಿಸುವುದೇ ಇದರ ಗುಟ್ಟು.

ಹಾಗೆಂದು ಇದು ಸರ್ವರೋಗಹರವಲ್ಲ. ಬರಿಯ ರಕ್ತದೊತ್ತಡಕ್ಕೆ ಈಗ ಸಾಮಾನ್ಯವಾಗಿ ಬೇರೆ ಔಷಧಗಳಿಗೇ ಮೊದಲ ಮಣೆ. ಹೃದಯಾಘಾತವಾದರೂ ಹೃದಯದ ಬಲ ಕುಂದದವರಿಗೆ ಇದು ಬೇಕೇ ಎಂಬ ಚರ್ಚೆ ನಡೆದೇ ಇದೆ. ಗೂರಲು ರೋಗಿಗಳಲ್ಲಿ ಶ್ವಾಸನಾಳವನ್ನು ಬಿಗಿಯಬಹುದು. ಇನ್ನು, ಗುಣವಾಯಿತೆಂದು ತಾನಾಗಿ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವವನ ಪಾಡು ಕಷ್ಟ: ತಡೆಯೊಡನೆ ಬಾಳಿದ ಹೃದಯದಲ್ಲಿ ಗ್ರಾಹಕಗಳು ಹೆಚ್ಚಿರುತ್ತವೆ, ತಡೆ ಕಳಚಿದೊಡನೆ ಅಡ್ರಿನಲಿನ್ ಇಮ್ಮಡಿ ಬಲದಿಂದ ಎರಗುತ್ತದೆ.