ಬಹುಮಾನದ ದುಡ್ಡು ಕೈಸೇರುವ ಮುನ್ನ

ಸೋದರಿಯರೇ, ಕ್ರಿಕೆಟ್ಟು, ಫುಟ್‌ಬಾಲಿನ ಹೆಸರಲ್ಲಿ ಮೊಬೈಲಿನಲ್ಲೇ ತಂಡ ಕಟ್ಟಿ ದುಡ್ಡು ಹೂಡುವ ಆಟ ನಮ್ಮ ಮೈಸೂರಿನ ಹುಡುಗರಿಗೂ ಗೊತ್ತು. ಗೆದ್ದವರಿಗೂ ಪೂರ್ತಿ ಹಣ ಸಿಗುತ್ತಿರಲಿಲ್ಲ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನಲ್ಲಿ ನೂರಕ್ಕೆ 30ರಂತೆ ತೆರಿಗೆಯನ್ನು ಕಂಪನಿಯವರೇ ಮುರಿದುಕೊಳ್ಳಬೇಕಿತ್ತು. 10,000 ಗೆದ್ದರೆ ಕೈಗೆ 7,000.

ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟು 2022ರಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂಥ ಆಟಗಳನ್ನು ನಿಷೇಧಿಸಿತು. ಡ್ರೀಮ್ ಇಲೆವೆನ್ ಕೂಡ ಹಣದ ಸ್ಪರ್ಧೆ ನಿಲ್ಲಿಸಿತು.

ಆದರೂ “ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ” ಅಂತ ಫೋನು ಬಂದೀತು, ಎಚ್ಚರ! ಹಣದ ಬಹುಮಾನದ ತೆರಿಗೆಯನ್ನು ಅದರಲ್ಲೇ ಮುರಿದುಕೊಳ್ಳುವುದು ಪದ್ಧತಿ. ಮುಂಗಡ ಕೇಳುವವನು ಮೋಸಗಾರನೇ ಸರಿ. ದುಡ್ಡು ಹೋಗಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಫೋನು ಮಾಡಿ. ಮಗನನ್ನು ಗದರುವುದು ಆಮೇಲಾಗಲಿ.