ದಾನಶಾಸನ

ಉಪಾಧ್ಯಾಯನಾಗಿದ್ದ ದಿನಗಳಲ್ಲಿ ಅರಸೀಕೆರೆಯಿಂದ ಹಳೇಬೀಡು, ಬೇಲೂರುಗಳಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ನನಗೆ ಪ್ರತಿವರ್ಷದ ಕೆಲಸವಾಗಿತ್ತು. ಮಕ್ಕಳ ದೃಷ್ಟಿ ಮದನಿಕೆಯರ ಮೇಲೆ ನೆಟ್ಟಿದ್ದರೆ ನನ್ನ ದೃಷ್ಟಿ ಶಾಸನದ ಕಲ್ಲುಗಳನ್ನು ಅರಸುತ್ತಿತ್ತು. ಹೊಯ್ಸಳರ ಕಾಲದ ದಾನಶಾಸನವೊಂದನ್ನು ಓದಿದರೆ ಕೊಟ್ಟವರಾರು, ಕೊಟ್ಟುದೇನು, ಯಾರಿಗೆ ಕೊಟ್ಟರು, ಭೂಮಿಯಾದರೆ ಅದರ ಎಲ್ಲೆ ಯಾವುದು ಎಂಬುದೆಲ್ಲ ತಿಳಿದುಬರುತ್ತದೆ. ದಾನವನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲೆಂಬ ಶಾಪವೂ ಅನೇಕ ಶಾಸನಗಳ ಕೊನೆಯಲ್ಲಿರುತ್ತದೆ. ಆ ಕಲ್ಲನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ನಾಲ್ಕು ಜನ ನಡೆದಾಡುವೆಡೆಯಲ್ಲಿ ನೆಟ್ಟರು.

ನಮ್ಮ ನುಡಿಯಲ್ಲಿ ಉಯಿಲಿಗೂ ಮರಣಶಾಸನವೆಂದೇ ಹೆಸರು. ಆದರೆ ಅದು ಪೆಟ್ಟಿಗೆಯೊಳಗಿನ ಶಾಸನ.

ನನ್ನೊಡನೆ ಕೆಲಸ ಮಾಡಿದ ಹಿರಿಯ ಉಪಾಧ್ಯಾಯರೊಬ್ಬರು ತಮ್ಮ ಮನೆ, ತೆಂಗಿನ ತೋಟ, ಬ್ಯಾಂಕಿನ ಹಣ ಎಲ್ಲವನ್ನೂ ಮಕ್ಕಳಿಗೆ ಹಂಚಿ ಉಯಿಲು ಬರೆದಿಟ್ಟಿದ್ದರು. ಅವರು ತೀರಿಕೊಂಡ ಹದಿಮೂರನೆಯ ದಿನ, ಊಟವೆಲ್ಲ ಮುಗಿದ ಮೇಲೆ, ಮಕ್ಕಳು ಕಬ್ಬಿಣದ ಪೆಟ್ಟಿಗೆಯನ್ನು ತೆರೆದರು. ಹಿರಿಯ ಮಗನು ಗಟ್ಟಿಯಾಗಿ ಓದುತ್ತ ಕೊನೆಯ ಪುಟಕ್ಕೆ ಬಂದವನು ತಟ್ಟನೆ ನಿಂತನು. ತಮ್ಮ ಕಣ್ಣುಗಳನ್ನು ಕುರುಡರಿಗೆ ದಾನ ಮಾಡಬೇಕೆಂದು ತಂದೆ ಅಲ್ಲಿ ಬರೆದಿದ್ದರು. ಚಿತೆ ಆರಿ ಎಷ್ಟೋ ದಿನಗಳಾಗಿದ್ದವು. "ಒಂದು ಮಾತು ಹೇಳಿದ್ದರೆ ಸಾಕಾಗಿತ್ತಲ್ಲ, ಮೇಷ್ಟ್ರೇ!" ಎಂದು ಅವನು ನನ್ನತ್ತ ನೋಡಿದನು. ನನಗೆ ಉತ್ತರ ತೋಚಲಿಲ್ಲ.

ಕಣ್ಣಿನ ದಾನಕ್ಕೆ ಮರಣಾನಂತರ ಸುಮಾರು 6 ಗಂಟೆಗಳ ಅವಕಾಶವಿದೆ. ಕಸಿ ಮಾಡುವುದು ಇಡೀ ಕಣ್ಣನ್ನಲ್ಲ. ಅದರ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಕಾರ್ನಿಯ ಎಂಬ ತೆಳುವಾದ ಪಟಲವನ್ನು. ಕನ್ನಡಕ ಧರಿಸಿದವರೂ, ಪೊರೆ ತೆಗೆಸಿಕೊಂಡವರೂ, ವೃದ್ಧರೂ ಇದನ್ನು ಕೊಡಬಹುದು. ಮನೆಯಲ್ಲಿಯೇ ಸಾವು ಸಂಭವಿಸಿದರೂ ಅಡ್ಡಿಯಿಲ್ಲ. ನೇತ್ರಭಂಡಾರಕ್ಕೆ ಒಡನೆಯೇ ತಿಳಿಸಬೇಕು. ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಒದ್ದೆಯ ಹತ್ತಿಯನ್ನಿಟ್ಟು, ಫ್ಯಾನನ್ನು ನಿಲ್ಲಿಸಿ, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿಡಬೇಕು. ಇಷ್ಟೇ ಕೆಲಸ. ಆದರೆ ಆ ಹೊತ್ತಿನಲ್ಲಿ ಮನೆಯವರ ನೆನಪಿಗೆ ಅದು ಬರಬೇಕಷ್ಟೆ.

ಹೃದಯ, ಯಕೃತ್ತು, ಮೂತ್ರಪಿಂಡಗಳ ಸಂಗತಿ ಬೇರೆ. ಸಾಮಾನ್ಯವಾಗಿ ಅವನ್ನು ಪಡೆಯುವುದು ಮಿದುಳು ಸತ್ತು, ಯಂತ್ರದ ನೆರವಿನಿಂದ ಉಸಿರು ನಡೆಯುತ್ತಿರುವವರಿಂದ. ಎದೆ ಬಡಿಯುತ್ತಿರುವವನನ್ನು ಸತ್ತನೆಂದು ಹೇಗೆ ನಂಬುವುದು? ಮನೆಯವರಲ್ಲಿ ಈ ಸಂದೇಹ ಏಳುವುದು ಸಹಜ. ಅದಕ್ಕಾಗಿಯೇ 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಮಿದುಳಿನ ಸಾವನ್ನು ನಿರ್ಣಯಿಸಲು ನಾಲ್ವರು ವೈದ್ಯರ ಮಂಡಳಿಯನ್ನು ವಿಧಿಸಿದೆ. 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯಬೇಕು. ಅಂಗಗಳ ಕ್ರಯವಿಕ್ರಯವನ್ನೂ ಅದೇ ಕಾಯಿದೆ ಅಪರಾಧವೆಂದು ಸಾರಿತು. ಹಳೇಬೀಡಿನಲ್ಲಿ ವೀರಬಲ್ಲಾಳನ ಗರುಡನಾಗಿದ್ದ ಕುವರಲಕ್ಷ್ಮನ ಸ್ತಂಭವನ್ನು ತೋರಿಸುವಾಗ ಮಕ್ಕಳು ಬೆಚ್ಚುತ್ತಿದ್ದರು. ಅಲ್ಲಿನ ವೀರರು ಒಡೆಯನಿಗಾಗಿ ಪ್ರಾಣವನ್ನೇ ಒಪ್ಪಿಸಿದರು; ಈ ದಾನದಲ್ಲಾದರೋ ಪ್ರಾಣ ಹೋದುದು ಖಚಿತವಾದ ಮೇಲೆಯೇ ಮುಂದಿನ ಮಾತು.

ಇನ್ನು ಉಯಿಲಿನ ವಿಚಾರ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಅದಕ್ಕೆ ಬರೆದವರ ಸಹಿಯೂ ಇಬ್ಬರು ಸಾಕ್ಷಿಗಳ ಸಹಿಯೂ ಬೇಕು, ನೋಂದಣಿ ಕಡ್ಡಾಯವಲ್ಲ. ಆದರೆ ಉಯಿಲು ಆಸ್ತಿಯ ಪತ್ರ. ಮನುಷ್ಯನ ದೇಹ ಆಸ್ತಿಯಲ್ಲ. ತೋಟದಂತೆ ಅದನ್ನು ವಾರಸುದಾರರಿಗೆ ಹಂಚಲಾಗದು. ಅಂಗದಾನದ ಇಚ್ಛೆಗೆ ಕಸಿ ಕಾಯಿದೆ ಬೇರೆ ದಾರಿಯನ್ನೇ ಹಾಕಿಕೊಟ್ಟಿದೆ. ಇಲ್ಲಿಯೂ ಬರಹ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಉಯಿಲಿಗೆ ಹೊರಗಿನವರ ಸಾಕ್ಷಿ ಲೇಸೆನ್ನುವುದು ವಾಡಿಕೆ. ಈ ಪತ್ರಕ್ಕೆ ಮನೆಯವರೇ ಬೇಕು. ಕಾಯಿದೆಯನ್ನು ರಚಿಸಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದು ನನಗೆ ತೋರುತ್ತದೆ. ಬರಹವಿಲ್ಲದಿದ್ದರೆ ನಿರ್ಧಾರ ಮನೆಯವರದು. ಬರಹವಿದ್ದರೂ ಆಸ್ಪತ್ರೆಯವರು ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ.

ನಮ್ಮ ಸೀಮೆಯ ರಸ್ತೆಗಳೇ ಇದಕ್ಕೆ ಉದಾಹರಣೆ ಕೊಟ್ಟಿವೆ. 2016ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ಯುವಕನು ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿ ಬಿದ್ದಿದ್ದಾಗಲೂ, ತನ್ನ ಅಂಗಗಳನ್ನು ದಾನ ಮಾಡಿರೆಂದು ನೆರೆದವರಿಗೆ ಹೇಳಿದನು. ಅವನ ಕಣ್ಣುಗಳು ದಾನವಾದವು. ಅಪಘಾತಕ್ಕೀಡಾದವರ ಚಿಕಿತ್ಸೆಗೆಂದು ಸರ್ಕಾರ ಆರಂಭಿಸಿದ ಯೋಜನೆಗೆ ಅವನ ಹೆಸರನ್ನಿಟ್ಟರು. ಅರಸೀಕೆರೆಯ ನೆರೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ ನಟ ಸಂಚಾರಿ ವಿಜಯ್ 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಅಪಘಾತವೊಂದರಲ್ಲಿ ಗಾಯಗೊಂಡರು. ಮಿದುಳು ನಿಷ್ಕ್ರಿಯವಾಯಿತೆಂದು ವೈದ್ಯರು ತಿಳಿಸಿದಾಗ ಅವರ ಕುಟುಂಬದವರು ಅಂಗದಾನಕ್ಕೆ ಒಪ್ಪಿದರು. ಆ ಒಪ್ಪಿಗೆಯನ್ನು ಕೊಡುವ ಘಳಿಗೆ ಎಷ್ಟು ಕಠಿಣವೆಂಬುದನ್ನು ಹೊರಗಿನವರು ಊಹಿಸಬಹುದಷ್ಟೆ. 2006ರಲ್ಲಿ ರಾಜಕುಮಾರ್, 2021ರಲ್ಲಿ ಅವರ ಮಗ ಪುನೀತ್ ಕಣ್ಣುಗಳನ್ನು ಕೊಟ್ಟುದನ್ನು ನಾಡೆಲ್ಲ ಬಲ್ಲದು.

ಆದುದರಿಂದ ಉಯಿಲಿನಲ್ಲಿ ಬರೆಯಬಾರದೆಂದಲ್ಲ. ಬರೆದರೆ ಅದು ಇಚ್ಛೆಗೆ ಇನ್ನೊಂದು ಪುರಾವೆ. ಆದರೆ ಅದಕ್ಕೆ ಮೊದಲು ಪ್ರತಿಜ್ಞಾಪತ್ರವನ್ನು ತುಂಬಿ, ರಾಜ್ಯದಲ್ಲಿ ಈ ಕಾರ್ಯವನ್ನು ನಿರ್ವಹಿಸುವ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ಮನೆಯ ಎಲ್ಲರಿಗೂ ತಿಳಿಸಿರಬೇಕು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಲೂಬಹುದು. ಹದಿನೆಂಟು ತುಂಬದ ನಿಮಗೆ ಸಹಿ ಮಾಡುವ ಅಧಿಕಾರವಿಲ್ಲ. ಅಜ್ಜ ಅಜ್ಜಿಯರ ಮನಸ್ಸಿನಲ್ಲಿ ಏನಿದೆಯೆಂದು ಕೇಳುವುದಕ್ಕೆ ಯಾವ ಕಾಯಿದೆಯೂ ಅಡ್ಡಬಾರದು.

ಆ ಹಿರಿಯರ ಮಗನು ತನ್ನ ಪ್ರತಿಜ್ಞಾಪತ್ರವನ್ನು ಪೆಟ್ಟಿಗೆಯಲ್ಲಿಡಲಿಲ್ಲ. ಅದಕ್ಕೆ ಕಟ್ಟು ಹಾಕಿಸಿ, ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಕ್ಯಾಲೆಂಡರಿನ ಕೆಳಗೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಸಾಕ್ಷಿಗಳಲ್ಲಿ ಮೊದಲನೆಯ ಸಹಿ ಅವನ ಹೆಂಡತಿಯದು, ಎರಡನೆಯದು ನನ್ನದು.