ಹತ್ತು ಗಂಟೆಯ ಬಸ್ಸು

ಮೂಡುಬಿದಿರೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಈಗ ನಲವತ್ತೆರಡು ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಅವನು ಹೇಳಿದಂತೆ ಕೇಳುವುದಿಲ್ಲ, ಬುದ್ಧಿಯ ಬೆಳವಣಿಗೆಯೂ ನಿಧಾನ. ಬೇಕಾದರೆ ಕಣ್ಣು ಮೇಲೆತ್ತುತ್ತಾನೆ, ಬೇಡವಾದರೆ ಮುಖ ತಿರುಗಿಸುತ್ತಾನೆ. ಇಷ್ಟರಲ್ಲೇ ಅವನ ಮಾತುಕತೆಯೆಲ್ಲ ಮುಗಿಯುತ್ತದೆ.

ಎಪ್ಪತ್ತೊಂಬತ್ತರ ಅಕ್ಕನಿಗೆ ಬೆನ್ನುನೋವು ಬಂದು ಅವನನ್ನು ಎತ್ತಲು ಆಗದೆ ಹೋದಾಗ, "ನೀನೇ ಒಂದು ಜನ ಹುಡುಕು ಮಾರಾಯ" ಎಂದಳು. ನಾನು ಬಂಟ್ವಾಳದವ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವ. ಸಾಲದ ಅರ್ಜಿ ನೋಡುವಂತೆಯೇ ನೋಡಿದೆ. ಆಧಾರ್ ಕಾರ್ಡು, ಹಿಂದೆ ಕೆಲಸ ಮಾಡಿದ ಮನೆಯವರ ಮಾತು, ಸಂಬಳದ ಚೌಕಾಸಿ ಎಲ್ಲ ಆಯಿತು. ಬಂದ ಹೋಮ್ ನರ್ಸ್ ಶುಚಿ, ಸಮಯಕ್ಕೆ ಸರಿ. ವಾರಕ್ಕೊಮ್ಮೆ ಸಿದ್ದಕಟ್ಟೆಯ ಮೇಲಾಗಿ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ, ನನಗೆ ಸಮಾಧಾನವಾಗಿತ್ತು.

ಅಳಿಯ ಮಾತ್ರ ಬಾಡತೊಡಗಿದ. ಗಂಜಿಗೆ ಬಾಯಿ ತೆರೆಯುತ್ತಿರಲಿಲ್ಲ. ಸ್ನಾನದ ಹೊತ್ತಿಗೆ ಕಿರುಚುತ್ತಿದ್ದ. ನೀರು ಬಿಸಿಯಾಯಿತೇನೋ ಎಂದು ತಣಿಸಿ ನೋಡಿದೆವು. ಡಾಕ್ಟರು ಏನೂ ಇಲ್ಲ ಎಂದರು. ಹದಿನೈದು ದಿನ ಕಳೆದ ಮೇಲೆ ಅಕ್ಕನಿಗೆ ಹೊಳೆಯಿತು. ಬೆಳಿಗ್ಗೆ ಹತ್ತು ಗಂಟೆಗೆ ಮನೆಯೆದುರು ಒಂದು ಸರ್ವಿಸ್ ಬಸ್ಸು ಹೋಗುತ್ತದೆ. ಚಿಕ್ಕಂದಿನಿಂದಲೂ ಜಗಲಿಯಲ್ಲಿ ಕೂತು ಅದನ್ನು ನೋಡುವುದು ಅವನ ಅಭ್ಯಾಸ. ಡ್ರೈವರನೂ ಅವನಿಗಾಗಿ ಹಾರ್ನ್ ಹಾಕುತ್ತಾನೆ. ಹೋಮ್ ನರ್ಸ್ ಸ್ನಾನ ಮಾಡಿಸುತ್ತಿದ್ದುದು ಸರಿಯಾಗಿ ಹತ್ತಕ್ಕೆ!

ತಪ್ಪು ಅವನದಲ್ಲ. ಆ ಹೊತ್ತನ್ನು ಬರೆದುಕೊಟ್ಟವನು ನಾನು. ಅಳಿಯನ ಎದುರೇ ಕೂತು ಬರೆದಿದ್ದೆ, ಅವನನ್ನು ಒಂದು ಮಾತು ಕೇಳಿರಲಿಲ್ಲ.

ಸ್ವೀಡನ್ನಿನಲ್ಲಿ 1994ರಿಂದ ಒಂದು ಕಾನೂನಿದೆ. ಇಂಥವರಿಗೆ ಸಹಾಯಕರನ್ನು ಇಟ್ಟುಕೊಳ್ಳಲು ಸರಕಾರವೇ ಹಣ ಕೊಡುತ್ತದೆ. ಯಾರು ಬರಬೇಕು, ಯಾವಾಗ ಏನು ಮಾಡಬೇಕು ಎಂಬುದರಲ್ಲಿ ಆ ವ್ಯಕ್ತಿಯ ಮಾತು ನಡೆಯಬೇಕು. ಬ್ರಿಟನ್ನಿನಲ್ಲಿಯೂ ಸೇವೆಯ ಬದಲು ಹಣವನ್ನೇ ಅವರ ಕೈಗೆ ಕೊಡುವ ಕಾಯ್ದೆ 1996ರಲ್ಲಿ ಬಂತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು ಇದೆ. ಪೋಷಕನಾಗಿ ನೇಮಕವಾದವನು ಕೂಡ ತಾನೊಬ್ಬನೇ ತೀರ್ಮಾನಿಸದೆ, ಅವರೊಡನೆ ಸೇರಿ ತೀರ್ಮಾನಿಸಬೇಕು ಎಂದೂ ಇದೆ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು.

ಅಕ್ಕನ ಮನೆಯಲ್ಲಿ ಸಂಬಳ ಕೊಡುವಷ್ಟು ಅಡಿಕೆಯಿದೆ. ಇಲ್ಲದವರ ಗತಿ? 1980ರ ದಶಕದಲ್ಲಿ ನಾನು ಬೆಳ್ತಂಗಡಿ ತಾಲೂಕಿನ ಶಾಖೆಯೊಂದರಲ್ಲಿದ್ದೆ. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲ. ಹೆಲಿಕಾಪ್ಟರ್ ಬಂತೆಂದರೆ ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು. ನಾವು ದೊಡ್ಡವರೂ ಕುತೂಹಲದಿಂದ ತಲೆಯೆತ್ತಿ ನೋಡಿದವರೇ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಪೀಡಿತರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ ತಿಂಗಳಿಗೆ 3000 ರೂಪಾಯಿ ಮಾಸಾಶನ ಗೊತ್ತಾಯಿತು. ಕೊಕ್ಕಡದಲ್ಲಿ ಹಗಲಿನ ಆರೈಕೆ ಕೇಂದ್ರವೂ ಆಯಿತು. ಆದರೆ ಸಂಜೆ ಮನೆಗೆ ಬಂದ ಮೇಲೆ ಬೆಳೆದ ಮಗನನ್ನು ಎತ್ತುವುದು ಮುದುಕಿ ತಾಯಿಯೇ. ಲೆಕ್ಕ ಬರೆದು ಅಭ್ಯಾಸವಾದ ನನಗೆ ಗೊತ್ತು: 3000ಕ್ಕೆ ಇಡೀ ತಿಂಗಳಿಗೆ ಒಬ್ಬ ಸಹಾಯಕ ಸಿಗುವುದಿಲ್ಲ.

ಎರಡನೆಯ ಸಲ ಆರಿಸಿದ್ದು ಅಳಿಯ. ಮೂವರು ಬಂದರು. ಒಬ್ಬ ನನ್ನೊಡನೆ ಮಾತಾಡಿದ, ಇನ್ನೊಬ್ಬ ಅಕ್ಕನೊಡನೆ. ಮೂರನೆಯವ ಬೆಳ್ತಂಗಡಿ ಕಡೆಯ ಹುಡುಗ, ಮೊದಲು ಬಸ್ಸಿನಲ್ಲಿ ಕ್ಲೀನರ್ ಆಗಿದ್ದವ. ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಅಣ್ಣಾ, ಚಾ ಆಂಡಾ?" ಎಂದು ತುಳುವಿನಲ್ಲಿ ಕೇಳಿದ. ಅಳಿಯನ ಕಣ್ಣು ಮೇಲೆ ಹೋಯಿತು. ಅವನ ಹತ್ತಿರ ಅನುಭವದ ಕಾಗದ ಒಂದೂ ಇರಲಿಲ್ಲ. ನಾನಾಗಿದ್ದರೆ ಬೇಡ ಎನ್ನುತ್ತಿದ್ದೆ.

ಎತ್ತುವುದು, ಉಣ್ಣಿಸುವುದು ಎಲ್ಲ ಅಕ್ಕ ಕಲಿಸಿದಳು. ಒಂದನೇ ತಾರೀಕಿಗೆ ಸಂಬಳ ಅಳಿಯನ ಕೈಯಿಂದಲೇ. ನೋಟು ಅವನ ಮಡಿಲಲ್ಲಿಟ್ಟು ಹುಡುಗ ಗಟ್ಟಿಯಾಗಿ ಎಣಿಸುತ್ತಾನೆ. ಆಮೇಲೆ ಅಳಿಯ ವೋಚರಿಗೆ ಹೆಬ್ಬೆಟ್ಟು ಒತ್ತುತ್ತಾನೆ. (ವೋಚರ್ ನನ್ನ ಹಠ. ಹಳೆಯ ಚಾಳಿ ಬಿಡುವುದುಂಟೇ?)

ಕಳೆದ ತಿಂಗಳು ಹುಡುಗ ತನ್ನೂರಿನ ಕೋಲಕ್ಕೆ ಎರಡು ದಿನ ರಜೆ ಕೇಳಿದ. ಕೇಳಿದ್ದು ಅಕ್ಕನನ್ನಲ್ಲ, ಅಳಿಯನನ್ನು. ಅಳಿಯ ಮುಖ ತಿರುಗಿಸಿದ. "ಹಾಗಾದರೆ ನೀವೂ ಬರುತ್ತೀರಾ ಅಣ್ಣ?" ಎಂದಾಗ ಕಣ್ಣು ಮೇಲೆ. ನಾನೂ ಅಕ್ಕನೂ ಒಟ್ಟಿಗೇ "ಬೇಡ" ಎಂದೆವು. ರಾತ್ರಿಯ ಚಳಿ, ಜನಜಂಗುಳಿ, ಮೂರ್ಛೆ ಗೀರ್ಛೆ ಬಂದರೆ? ಅಳಿಯ ಕಣ್ಣು ಇಳಿಸಲೇ ಇಲ್ಲ. ಕೊನೆಗೆ ಮಾತ್ರೆ, ಸ್ವೆಟರು ಕಟ್ಟಿಕೊಟ್ಟು ರಿಕ್ಷಾ ಹತ್ತಿಸಿದೆವು.

ಆ ರಾತ್ರಿ ಅಕ್ಕ ಮಲಗಲಿಲ್ಲ. ನಾನು ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ, ತಾಸೆ ನಾಗಸ್ವರದ ಸದ್ದಿನ ನಡುವೆ ಹುಡುಗ ಕೂಗಿ ಹೇಳಿದ: "ಕೇಳಿದೆ ಅಜ್ಜ, ಅಣ್ಣನಿಗೆ ಈಗ ಮನೆಗೆ ಬೇಡವಂತೆ!"